ಜಾಮೂನಿನ ಕಾಲಿಗೆ ಕಟ್ಟಿದ ಕರಿ ದಾರ

ನಾಯಿಯ ಕಾಲಿಗೆ ಆದ ಗಾಯ ಅದು. ದೊಡ್ಡದೇನಲ್ಲ. ಎಲುಬು ಮುರಿದಿರಲಿಲ್ಲ, ನರಕ್ಕೆ ಪೆಟ್ಟಾಗಿರಲಿಲ್ಲ, ಒಂದು ತಿಂಗಳೊಳಗೆ ಮಾಯ್ದು ಹೋಯಿತು. ಈಗ ಆ ನಾಯಿಯೂ ಇಲ್ಲ. ಆದರೂ ಬರೆಯಲು ಕೂತಿದ್ದೇನೆ. ಮೂವತ್ತು ವರ್ಷ ಊರವರ ಗಾಯ ತೊಳೆದು ಕಟ್ಟಿದವಳು ನಾನು. ಮನೆಯಲ್ಲೇ ಒಂದು ಗಾಯವಾದಾಗ ಎಷ್ಟು ಸಣ್ಣವಳಾದೆ ಎನ್ನುವುದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ರೋಗಿಯನ್ನು ನೋಡಿಕೊಳ್ಳುವವರ ಮನಸ್ಸಿನಲ್ಲಿ ‘ಇದು ನನ್ನಿಂದಲೇ ಆದದ್ದು’ ಎನ್ನುವುದೊಂದು ಕೂತಿರುತ್ತದೆ. ಅದನ್ನು ಹೊತ್ತುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ ಎಷ್ಟೋ ಜನರನ್ನು ನೋಡಿದ್ದೇನೆ. ಅಂಥವರಲ್ಲಿ ಒಬ್ಬರಾದರೂ ಇದನ್ನು ಓದಿದರೆ ಸಾಕು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಕುಮಟಾ ತಾಲೂಕಿನ ಕಾಗಾಲದಲ್ಲಿ. ಅಲ್ಲಿಂದ ಒಂದಷ್ಟು ದೂರದ ಉಪಕೇಂದ್ರದಲ್ಲಿ ನಾನು ನರ್ಸು. ಜನರ ಬಾಯಲ್ಲಿ ನರ್ಸಬಾಯಿ. ಹೆಗಲಿಗೆ ಲಸಿಕೆ ಡಬ್ಬಿ ಹಾಕಿಕೊಂಡು ಗದ್ದೆಯ ಅಂಚಿನ ಹಾಳಿ ಹಿಡಿದು ಮನೆಮನೆಗೆ ಹೋಗುವುದು, ಬಸುರಿಯರನ್ನು ನೋಡುವುದು, ಬಾಣಂತಿಯರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಬುದ್ಧಿ ಹೇಳುವುದರಲ್ಲಿ ನಾನು ಸ್ವಲ್ಪ ಜೋರೇ. ನನ್ನ ಗಂಡ ಕುಮಟೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಮಗಳು ಪ್ರತಿಮಾಳಿಗೆ ಆಗ ಒಂಬತ್ತು ವರ್ಷ. ಇವರು ಆಯಿ ಎಂದು ಕರೆಯುವ ತಾಯಿ, ನನ್ನ ಅತ್ತೆ, ನಮ್ಮ ಜೊತೆಗೇ ಇದ್ದರು. ಎಪ್ಪತ್ತು ದಾಟಿದ್ದರೂ ಕೂತಲ್ಲಿ ಕೂರುವ ಜನ ಅಲ್ಲ. ಆದರೆ ಆ ವರ್ಷ ಅವರಿಗೆ ಮರೆವು ಶುರುವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಬೆಳಿಗ್ಗೆ ಬಂದು ಚಾ ಕುಡಿದು ಹೋದವರನ್ನು ಸಂಜೆ ‘ಅವ್ರು ಬರ್ಲೇ ಇಲ್ಲ’ ಅನ್ನುವುದು. ಅರಳು ಮರಳು ಎಂದು ನಾವು ನಕ್ಕು ಸುಮ್ಮನಾಗುತ್ತಿದ್ದೆವು. ನರ್ಸಾದ ನಾನೂ ನಕ್ಕೆ.

ನಾಯಿಮರಿಯನ್ನು ತಂದದ್ದು ಪ್ರತಿಮಾ. ಅದಕ್ಕೂ ಮೊದಲು ಒಂದು ಮರಿ ತಂದಿದ್ದಳು. ಅದು ವಾಂತಿ ಭೇದಿಯಾಗಿ ಎರಡೇ ದಿನದಲ್ಲಿ ಸತ್ತಿತ್ತು. ಆಗ ಹುಡುಗಿ ಊಟ ಬಿಟ್ಟು ಮೂಲೆ ಹಿಡಿದವಳು ಏಳಬೇಕಾದರೆ ಮೂರು ದಿನ ಬೇಕಾಗಿತ್ತು. ಹಾಗಾಗಿ ಎರಡನೆಯದನ್ನು ಅಂಗಿಯ ಮಡಿಲಲ್ಲಿ ಹಾಕಿಕೊಂಡು ಬಂದಾಗ ನಾನು ಬೇಡ ಎಂದೆ. ಅತ್ತೆ, ‘ಇರ್ಲಿ ಬಿಡು ಸುಮಿತ್ರೆ, ಒಂದು ತುತ್ತು ಅನ್ನ ಹೆಚ್ಚಾತದ್ಯಾ’ ಎಂದು ನನ್ನ ಬಾಯಿ ಮುಚ್ಚಿಸಿದರು. ಕಪ್ಪು ಕಂದು ಬಣ್ಣ, ಮೈತುಂಬ ದಟ್ಟ ಕೂದಲು. ಪ್ರತಿಮಾ ಅದಕ್ಕೆ ಜಾಮೂನು ಎಂದು ಹೆಸರಿಟ್ಟಳು.

ಬಂದ ಹದಿನೈದು ದಿನಕ್ಕೆ ಅದೂ ವಾಂತಿ ಮಾಡತೊಡಗಿತು. ಅವತ್ತು ಮಧ್ಯಾಹ್ನ ನಾನು ಕೆಲಸ ಮುಗಿಸಿ ಬೇಗ ಬಂದಿದ್ದೆ. ಪ್ರತಿಮಾ ಶಾಲೆಯಲ್ಲಿ, ಅತ್ತೆ ಬಳಚು ಆರಿಸಲು ಹೊಳೆಯ ಕಡೆ ಹೋಗಿದ್ದರು. ಬಳಚು ಅಂದರೆ ನಮ್ಮ ಕಡೆ ಹೊಳೆಯಲ್ಲಿ ಸಿಗುವ ಚಿಪ್ಪು. ಅದರ ಸಾರು ಅವರಿಗೆ ಪ್ರಾಣ. ಮನೆಯಲ್ಲಿ ನಾನು ಮತ್ತು ಮರಿ ಇಬ್ಬರೇ. ಅಕ್ಕಿ ಗಂಜಿಯ ತಿಳಿಗೆ ಉಪ್ಪು ಸಕ್ಕರೆ ಹಾಕಿ ಚಮಚದಲ್ಲಿ ಕುಡಿಸಿದೆ. ಕಕ್ಕಿತು. ಮತ್ತೆ ಕುಡಿಸಿದೆ. ಕಣ್ಣು ಮೇಲೆ ಮಾಡಿ ಮಲಗಿತು. ಮಗಳು ನಾಲ್ಕೂವರೆಗೆ ಬಂದು ಚೀಲ ಎಸೆದು ಮೊದಲು ಕರೆಯುವುದೇ ಇದರ ಹೆಸರನ್ನು.

ಅವತ್ತೇ ಬೆಳಿಗ್ಗೆ ಒಂದು ಬಾಣಂತಿ ಮನೆಗೆ ಹೋಗಿದ್ದೆ. ಇಪ್ಪತ್ತು ದಿನದ ಕೂಸಿನ ಎರಡೂ ಮುಂಗೈಗೆ ದೃಷ್ಟಿಯಾಗಬಾರದೆಂದು ಕರಿ ದಾರ ಕಟ್ಟಿದ್ದರು. ಬೆರಳು ಕೆಂಪಾಗಿದ್ದವು. ನಾನು ಕತ್ತರಿ ತೆಗೆದು ಎರಡನ್ನೂ ಕತ್ತರಿಸಿ ಹಾಕಿದೆ. ಕೂಸಿನ ಅಜ್ಜಿ ದೇವಮ್ಮ ಎನ್ನುವವರು ‘ಹಾಗೆಲ್ಲ ಕತ್ತರಿಸೂದಲ್ಲ ಬಾಯೀ’ ಎಂದು ಅಳುವ ಹಾಗೆ ಹೇಳಿದರು. ನಾನು ಅವರ ಕೈಯಲ್ಲಿದ್ದ ದಾರದ ಉಂಡೆಯನ್ನೇ ಇಸಿದುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ಮುಂದಿನ ಸಲ ಕಟ್ಟಿದ್ದು ಕಂಡರೆ ಡಾಕ್ಟರಿಗೆ ಹೇಳುತ್ತೇನೆ ಎಂದು ಹೆದರಿಸಿಯೂ ಬಂದೆ.

ಆ ಉಂಡೆ ಚೀಲದಲ್ಲಿತ್ತು. ಮರಿ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದೆ. ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿದೆ. ಯಾರಿಗೆ ಹೆದರಿ ಬಾಗಿಲು ಹಾಕಿದೆನೋ ನನಗೇ ಗೊತ್ತಿಲ್ಲ. ಉಂಡೆಯಿಂದ ಗೇಣುದ್ದ ದಾರ ಹರಿದು, ಮೂರು ಸುತ್ತು ಹಾಕಿ, ಮರಿಯ ಹಿಂದಿನ ಎಡಗಾಲಿಗೆ ಕಟ್ಟಿದೆ. ನನ್ನ ಅಮ್ಮ ನಮಗೆಲ್ಲ ಕಟ್ಟುವಾಗ ಏನೋ ಅನ್ನುತ್ತಿದ್ದಳು. ಅದು ನೆನಪಾಗಲಿಲ್ಲ. ಸುಮ್ಮನೆ ‘ಹೋಗಲಿ, ಹೋಗಲಿ’ ಎಂದೆ.

ಸಂಜೆ ಪ್ರತಿಮಾ ಬರುವ ಹೊತ್ತಿಗೆ ಮರಿ ನಾಲಿಗೆ ಹೊರಗೆ ಹಾಕಿ ಗಂಜಿ ನೆಕ್ಕಿತು. ಮರುದಿನ ಎದ್ದು ನಿಂತಿತು. ಉಪ್ಪು ಸಕ್ಕರೆಯ ನೀರು ಉಳಿಸಿತು ಎಂದು ಇವರಿಗೆ ಹೇಳಿದೆ. ದಾರದ ವಿಷಯ ಯಾರಿಗೂ ಹೇಳಲಿಲ್ಲ. ನಾಲ್ಕು ದಿನಕ್ಕೆ ನನಗೇ ಅದು ಮರೆತು ಹೋಯಿತು. ಉಳಿದ ಉಂಡೆಯನ್ನು ಒಲೆಗೆ ಹಾಕಿದ್ದು ಮಾತ್ರ ನೆನಪಿದೆ.

ಮರಿ ಬೆಳೆಯಿತು, ದಾರ ಬೆಳೆಯಲಿಲ್ಲ. ಅರಳೆಯ ದಾರವಾಗಿದ್ದರೆ ಮಣ್ಣಲ್ಲಿ ನೀರಲ್ಲಿ ಕೊಳೆತು ತಾನೇ ಕಳಚಿ ಬೀಳುತ್ತಿತ್ತು. ಅದು ನೈಲಾನು. ದಟ್ಟ ಕೂದಲೊಳಗೆ ಕೂತುಬಿಟ್ಟಿತು.

ನಾಲ್ಕೈದು ತಿಂಗಳಾಗಿರಬೇಕು. ಜಾಮೂನು ಕುಂಟುವುದನ್ನು ಮೊದಲು ಕಂಡದ್ದು ಅತ್ತೆ. ಮುಳ್ಳು ಚುಚ್ಚಿರಬೇಕು ಎಂದರು. ನಾನು ಪಾದ ಹಿಡಿದು ನೋಡಿದೆ, ಬೆರಳ ಸಂದಿಯಲ್ಲಿ ಒಂದು ಗೀರು ಇತ್ತು. ಪೊಟ್ಯಾಷಿಯಂ ಪರಮಾಂಗನೇಟ್ ನೀರಲ್ಲಿ ತೊಳೆದು ಟಿಂಚರ್ ಹಚ್ಚಿದೆ. ಪೋಲಿಯೋ ಹನಿ ಹಾಕುವ ಭಾನುವಾರ ಹತ್ತಿರ ಬಂದಿತ್ತು. ಮನೆಮನೆಯ ಮಕ್ಕಳ ಪಟ್ಟಿ ಬರೆಯುವ ಗಡಿಬಿಡಿ. ಬಂದವಳೇ ನಾಯಿಯ ಪಾದ ನೋಡುವುದು, ಟಿಂಚರ್ ಹಚ್ಚುವುದು, ಏಳುವುದು. ಪಾದಕ್ಕಿಂತ ನಾಲ್ಕು ಬೆರಳು ಮೇಲೆ ಕೈ ಆಡಿಸಿದ್ದರೆ ಸಾಕಿತ್ತು. ಪ್ರತಿಮಾ ದಿನಾ ಕೇಳುತ್ತಿದ್ದಳು, ‘ಅಮ್ಮ, ಯಾಕೆ ಇನ್ನೂ ಕುಂಟ್ತದೆ?’ ನಾನು ದಿನಾ ‘ಗುಣ ಆಗ್ತದೆ’ ಎನ್ನುತ್ತಿದ್ದೆ. ಹಾಗೆ ಹೇಳುತ್ತ ಹನ್ನೆರಡು ದಿನ ಕಳೆಯಿತು. ನಾಯಿ ಕಾಲು ಎತ್ತಿಕೊಂಡೇ ಓಡಾಡತೊಡಗಿತು, ಸದಾ ಒಂದೇ ಕಡೆ ನೆಕ್ಕುತ್ತ ಕೂರುತ್ತಿತ್ತು. ಒಂದು ಬೆಳಿಗ್ಗೆ ಹತ್ತಿರ ಹೋದರೆ ವಾಸನೆ. ಗಾಯದ ವಾಸನೆ ಮೂಗಿಗೆ ಬಡಿದ ಕೂಡಲೇ ಗೊತ್ತಾಗುವಷ್ಟು ವರ್ಷ ನಾನು ಈ ಕೆಲಸ ಮಾಡಿದ್ದೆ. ಕೂದಲು ಸರಿಸಿದೆ. ಕಾಲಿನ ಸುತ್ತ ಬಳೆಯ ಹಾಗೆ ಕೆಂಪು ಸೀಳು. ಒಳಗೆ ಏನಿದೆ ಎಂದು ಕಾಣುತ್ತಿರಲಿಲ್ಲ.

ಕಾಣದಿದ್ದರೂ ಆ ಕ್ಷಣಕ್ಕೆ ಎಲ್ಲ ನೆನಪಾಯಿತು. ಹಾಕಿದ ಬಾಗಿಲೂ ನೆನಪಾಯಿತು.

ಪಕ್ಕದಲ್ಲೇ ಮಗಳು ಬಗ್ಗಿ ನೋಡುತ್ತಿದ್ದಳು. ಏನಮ್ಮ ಎಂದಳು. ಗೊತ್ತಿಲ್ಲ, ಆಸ್ಪತ್ರೆಗೆ ಹೋಗುವ ಎಂದೆ.

ಕುಮಟೆಯ ದನದಾಸ್ಪತ್ರೆಗೆ ರಿಕ್ಷಾ ಮಾಡಿಕೊಂಡು ಹೋದೆವು. ಹಳೆಯ ಟುವಾಲಿನಲ್ಲಿ ಸುತ್ತಿದ ನಾಯಿ ನನ್ನ ತೊಡೆಯ ಮೇಲೆ, ಅದರ ತಲೆ ಪ್ರತಿಮಾಳ ತೊಡೆಯ ಮೇಲೆ. ಇವರು ಅರ್ಧ ದಿನ ರಜೆ ಹಾಕಿ ನೇರ ಅಲ್ಲಿಗೇ ಬಂದರು. ಹೊರಗಿನ ಜಗಲಿಯಲ್ಲಿ ನಮ್ಮ ಮುಂದೆ ನಾಲ್ಕೈದು ಜನ. ಕಬ್ಬಿಣದ ಕಂಬಗಳ ನಡುವೆ ನಿಲ್ಲಿಸಿದ ಎಮ್ಮೆಯೊಂದಕ್ಕೆ ಕಾಂಪೌಂಡರು ಔಷಧಿ ಕುಡಿಸಲು ಹೆಣಗುತ್ತಿದ್ದರು. ನಾನು ಎಷ್ಟೋ ಜನರನ್ನು ಬೆಂಚಿನ ಮೇಲೆ ಕಾಯಿಸಿದವಳು. ಕಾಯುವುದು ಎಷ್ಟು ಉದ್ದ ಎಂದು ಅವತ್ತು ತಿಳಿಯಿತು. ಬಾಗಿಲು ತೆರೆದಾಗೆಲ್ಲ ನಮ್ಮನ್ನೇ ಕರೆದರು ಎಂದು ಏಳುತ್ತಿದ್ದೆ. ಕರೆಯದಿದ್ದರೆ ಸಾಕು ಎಂದೂ ಅನ್ನಿಸುತ್ತಿತ್ತು.

ನನ್ನ ಪಕ್ಕ ಕೂತಿದ್ದ ಹೆಂಗಸು ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಬಂದಿದ್ದಳು. ಮೀನು ಮಾರುವವಳಿರಬೇಕು, ಕೊಂಕಣಿ ಬೆರೆತ ಕನ್ನಡ ಆಡುತ್ತಿದ್ದಳು. ಜಾಮೂನು ನಡುಗುವುದನ್ನು ಕಂಡು ಏನೂ ಕೇಳದೆ ತನ್ನ ಸೆರಗಿನ ತುದಿಯನ್ನು ಅದರ ಕಣ್ಣಿನ ಮೇಲೆ ಹೊದಿಸಿದಳು. ನಾಯಿ ಸುಮ್ಮನಾಯಿತು. ಎಮ್ಮೆ ಕಂಡರೆ ಹೆದರುತ್ತದೆ, ಅದಕ್ಕೆ ಎಂದಳು. ಆಮೇಲೆ ನನ್ನ ಮುಖ ನೋಡಿ, ‘ನೀವೆಂತಕೆ ಅಷ್ಟು ಹೆದ್ರೂದು? ಕಾಲಿನ ಗಾಯ ಅಲ್ದಾ, ಹೋಗ್ತದೆ’ ಎಂದಳು. ಅವಳಿಗೆ ಹೇಳಿಬಿಡೋಣ ಎನ್ನಿಸಿತ್ತು. ಮತ್ತೆಂದೂ ಸಿಗದವರ ಹತ್ತಿರ ಹೇಳುವುದು ಸುಲಭ. ಅಷ್ಟರಲ್ಲಿ ನಮ್ಮನ್ನು ಕರೆದರು.

ಡಾಕ್ಟರು ಗದಗಿನ ಕಡೆಯವರು, ವಯಸ್ಸಾದವರು, ನನ್ನ ಕೆಲಸ ಗೊತ್ತಿದ್ದವರು. ಕಾಲು ನೋಡಿದ ಕೂಡಲೇ ಹಲ್ಲು ಕಚ್ಚಿದರು. ಸುತ್ತಲಿನ ಕೂದಲು ಬೋಳಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣ ಚಿಮಟಿಗೆಯಲ್ಲಿ ಒಳಗಿಂದ ಎಳೆದರು. ನಾನು ನಾಯಿಯ ತಲೆ ಹಿಡಿದಿದ್ದೆ. ಅದು ಕೂಗಲಿಲ್ಲ, ನನ್ನ ಕೈಯ ಹಿಂಬದಿಯನ್ನು ನೆಕ್ಕುತ್ತಲೇ ಇತ್ತು. ಮೂರು ಸುತ್ತು ದಾರ ತುಂಡು ತುಂಡಾಗಿ ಸ್ಟೀಲಿನ ತಟ್ಟೆಗೆ ಬಿತ್ತು.

‘ಯಾರ್ರೀ ಇದನ್ನ ಕಟ್ಟಿದವ್ರು?’ ಎಂದರು ಡಾಕ್ಟರು.

ಇವರು ನಾಚಿಕೆಯಿಂದ ನಕ್ಕು, ನಮ್ಮ ಆಯಿ ಇರಬೇಕು ಸರ್, ಹಳೆ ಕಾಲದವರು, ಎಂದರು. ಇವರದ್ದು ತಪ್ಪಲ್ಲ. ಮನೆಯಲ್ಲಿ ದಾರ ಕಟ್ಟುವವರು ಯಾರು ಎಂದರೆ ಯಾರಾದರೂ ಹಾಗೇ ಹೇಳುತ್ತಿದ್ದರು. ಡಾಕ್ಟರು ಚಿಮಟಿಗೆ ಕೆಳಗಿಟ್ಟು ನನ್ನನ್ನು ನೋಡಿದರು.

‘ನೀವು ನರ್ಸ್ ಅದೀರಿ. ಮನ್ಯಾಗ ತಿಳಿಸಿ ಹೇಳಾಕ ಆಗಲಿಲ್ಲೇನ್ರಿ?’

ನಾನು ಹೇಳಿದೆ: ‘ಹೇಳಿದ್ರೆ ಕೇಳೂದಿಲ್ಲ ಸರ್.’

ಇಷ್ಟೇ ಮಾತು. ಇದಕ್ಕಿಂತ ದೊಡ್ಡ ಸುಳ್ಳುಗಳನ್ನು ಜನ ಹೇಳುತ್ತಾರೆ. ಆದರೆ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅದಾದ ಮೇಲೆ ನಾನೇ ಒಂದು ಗಳಿಗೆ ಅದನ್ನು ನಂಬಿದೆ.

ಇನ್ನೊಂದು ವಾರ ಬಿಟ್ಟಿದ್ದರೆ ಕಾಲು ತೆಗೆಯಬೇಕಾಗುತ್ತಿತ್ತು, ಈಗ ಚರ್ಮ ಮತ್ತು ಸ್ವಲ್ಪ ಮಾಂಸ ಅಷ್ಟೆ, ದಿನಾ ತೊಳೆದು ಕಟ್ಟಿದರೆ ಮಾಯುತ್ತದೆ ಎಂದರು ಡಾಕ್ಟರು. ಕಟ್ಟುವುದನ್ನು ನಿಮಗೆ ಕಲಿಸಬೇಕಾಗಿಲ್ಲ ಎಂದು ನಕ್ಕರು. ನಾನೂ ನಕ್ಕೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಇವರು ತಾಯಿಯ ಮೇಲೆ ದನಿ ಏರಿಸುವವರಲ್ಲ. ಅವತ್ತು ಏರಿಸಿದರು. ಕಾಗದದಲ್ಲಿ ಕಟ್ಟಿ ತಂದಿದ್ದ ದಾರದ ತುಂಡುಗಳನ್ನು ತೆರೆದು ತೋರಿಸಿ, ಒಂದು ವಾರ ಬಿಟ್ಟಿದ್ದರೆ ನಾಯಿಗೆ ಮೂರೇ ಕಾಲು ಇರುತ್ತಿತ್ತು ಎಂದರು. ಅತ್ತೆ ಆ ತುಂಡುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಕಣ್ಣಿನ ಹತ್ತಿರ ತಂದು ನೋಡಿದರು.

‘ನಾನು ಕಟ್ಟಿದ್ದಾ?’

ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ನನ್ನ ಮುಖವನ್ನೂ ನೋಡಿದರು.

‘ನಾನೇ ಕಟ್ಟಿರ್ಬೇಕು’ ಎಂದರು ಕೊನೆಗೆ. ‘ಮತ್ಯಾರು ಕಟ್ತರು ಮನೇಲಿ? ಈಗಿತ್ಲಾಗೆ ನಂಗೆ ಯಾವ್ದೂ ನೆನಪಿರೂದಿಲ್ಲ.’

ಆಗ ಹೇಳಬಹುದಿತ್ತು. ಕೈಯಲ್ಲಿದ್ದ ಟುವಾಲು ಒಗೆಯಲು ಹಿತ್ತಿಲಿಗೆ ಹೋದೆ.

ಮುಂದಿನ ದಿನಗಳಲ್ಲಿ ನಾನು ನಾಯಿಗೆ ಮಾಡಿದಷ್ಟು ಉಪಚಾರವನ್ನು ಯಾವ ರೋಗಿಗೂ ಮಾಡಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಒಮ್ಮೆ, ಸಂಜೆ ಒಮ್ಮೆ, ಕುದಿಸಿ ಆರಿಸಿದ ನೀರಲ್ಲಿ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಅದು ಕಚ್ಚಿ ಬಿಚ್ಚದಂತೆ ಮೇಲೆ ಪ್ರತಿಮಾಳ ಹಳೆಯ ಕಾಲುಚೀಲ ಹಾಕುತ್ತಿದ್ದೆ. ಜಾಮೂನು ನನ್ನ ಚೀಲದ ಸದ್ದು ಕೇಳಿದ ಕೂಡಲೇ ತಾನೇ ಬಂದು ಪಕ್ಕಕ್ಕೆ ಮಲಗಿ ಕಾಲು ಚಾಚುತ್ತಿತ್ತು. ಮನುಷ್ಯರು ಹೀಗೆ ಚಾಚಿದ್ದರೆ ತಡೆದುಕೊಳ್ಳಬಹುದಿತ್ತೇನೋ. ನೋವಾದಾಗ ಅದು ನನ್ನ ಮುಂಗೈಯನ್ನು ಹಲ್ಲಿನ ನಡುವೆ ಮೆತ್ತಗೆ ಹಿಡಿದುಕೊಳ್ಳುತ್ತಿತ್ತು, ಕಚ್ಚುತ್ತಿರಲಿಲ್ಲ. ಕಚ್ಚಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಪ್ರತಿಮಾ ಅಜ್ಜಿಯ ಜೊತೆ ಮಾತು ಬಿಟ್ಟಳು. ಹುಟ್ಟಿದಾಗಿನಿಂದ ಅಜ್ಜಿಯ ಪಕ್ಕ ಮಲಗುತ್ತಿದ್ದವಳು ಚಾಪೆ ಎತ್ತಿಕೊಂಡು ನಮ್ಮ ಕೋಣೆಗೆ ಬಂದಳು. ಅಜ್ಜಿ ಕೊಟ್ಟ ಅವಲಕ್ಕಿ ತಿನ್ನಲಿಲ್ಲ, ಜಡೆ ಹಾಕಿಸಿಕೊಳ್ಳಲಿಲ್ಲ. ಅತ್ತೆ ಬಾಚಣಿಗೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತು, ಮತ್ತೆ ಅದನ್ನು ಗೂಡಿನಲ್ಲಿಟ್ಟು ಎದ್ದುಹೋಗುತ್ತಿದ್ದರು. ಅಜ್ಜಿಯ ಹತ್ತಿರ ಹೀಗೆಲ್ಲ ಮಾಡಬಾರದು ಎಂದು ನಾನು ಮಗಳಿಗೆ ಬುದ್ಧಿ ಹೇಳಿದೆ. ಅದೂ ನಾನೇ.

ಮೀನಿನ ವಿಷಯ ನನಗೆ ಗೊತ್ತಾದದ್ದು ವಾರದ ಮೇಲೆ. ಊಟಕ್ಕೆ ಕೂತಾಗ ಅತ್ತೆ ತಮ್ಮ ಪಾಲಿನ ಬಂಗಡೆಯನ್ನು ತಟ್ಟೆಯ ಅಂಚಿಗೆ ಸರಿಸಿ, ಎದ್ದು ಹೋಗುವಾಗ ಮುಳ್ಳು ಬಿಡಿಸಿ ನಾಯಿಗೆ ಹಾಕುತ್ತಿದ್ದರು. ಹೊಟ್ಟೆ ಸರಿ ಇಲ್ಲವೇನೋ ಎಂದುಕೊಂಡೆ. ಒಂದು ದಿನ ಬಳಚಿನ ಸಾರನ್ನೂ ಮುಟ್ಟದಾಗ ಕೇಳಿದೆ. ನಾಯಿ ನಾಲ್ಕೂ ಕಾಲು ನೆಲಕ್ಕೆ ಊರುವವರೆಗೆ ಮೀನು ತಿನ್ನುವುದಿಲ್ಲ ಎಂದು ಧಾರೇಶ್ವರದ ದೇವರಿಗೆ ಹೇಳಿಕೊಂಡಿದ್ದೇನೆ ಎಂದರು. ಹೊಳೆದಂಡೆಯಲ್ಲಿ ಹುಟ್ಟಿ, ಹೊಳೆದಂಡೆಗೇ ಮದುವೆಯಾಗಿ ಬಂದವರು. ಮೀನಿಲ್ಲದ ಅನ್ನ ಅವರಿಗೆ ಜ್ವರ ಬಂದವರ ಅನ್ನ. ಗಂಜಿಗೆ ಉಪ್ಪಿನಕಾಯಿಯ ರಸ ಹಚ್ಚಿಕೊಂಡು ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದರು. ಕುಪ್ಪಸದ ತೋಳು ಸಡಿಲವಾಗುತ್ತ ಬಂತು.

ಇಷ್ಟಾದರೂ ನಾನು ಬಾಯಿ ಬಿಡಲಿಲ್ಲ. ಇದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ಅದನ್ನೂ ಬರೆಯಬೇಕು.

ಕೆಲಸದ ಮೇಲೆ ಹೋದ ಮನೆಗಳಲ್ಲಿ ನಾಯಿಯ ಕಥೆ ಹೇಳತೊಡಗಿದೆ. ಮೊದಲ ಸಲ ಹೇಳಿದ್ದು ಬೇಕೆಂದಲ್ಲ. ಒಂದು ಕೂಸಿನ ಸೊಂಟದ ದಾರ ಬಿಗಿಯಾಗಿತ್ತು, ತೆಗೆಯಿರಿ ಎಂದರೆ ಕೇಳಲಿಲ್ಲ. ‘ನಮ್ಮನೇಲಿ ಅತ್ತೆ ನಾಯಿಗೆ ಹೀಂಗೇ ಕಟ್ಟಿ ಅದರ ಕಾಲೇ ಹೋಗೂದಿತ್ತು’ ಎಂದೆ. ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು, ನನ್ನ ಎದುರೇ ದಾರ ಬಿಚ್ಚಿದರು. ಹತ್ತು ವರ್ಷದ ಬುದ್ಧಿವಾದ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಆಮೇಲೆ ಬೇಕೆಂದೇ ಹೇಳಿದೆ. ಎಷ್ಟು ಮನೆಗಳಲ್ಲಿ ಹೇಳಿದೆನೋ. ಕೂಸುಗಳ ಕೈಯಿಂದ ದಾರ ಬಿದ್ದದ್ದು ನಿಜ. ಅದರಿಂದ ಒಳ್ಳೆಯದೇ ಆಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದೂ ನಿಜ.

ಊರು ಸಣ್ಣದು. ಮಾತು ಗದ್ದೆ ದಾಟಿ ನಮ್ಮ ಮನೆಯ ಹತ್ತಿರಕ್ಕೆ ಬಂತು. ಅತ್ತೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಾಗ ಯಾರೋ ನಾಯಿಯ ಕಾಲು ಹೇಗಿದೆ ಎಂದು ಕೇಳಿದರಂತೆ. ಮತ್ತೊಬ್ಬರು, ಇನ್ನು ಯಾರಿಗೂ ದಾರ ಕಟ್ಟಬೇಡ ಮಾರಾಯ್ತಿ ಎಂದು ನಕ್ಕರಂತೆ. ಸಕ್ಕರೆ ತರಲು ಹೋದವರು ಚೀಲ ಖಾಲಿ ಹಿಡಿದು ಬಂದರು. ಆ ಮಾತನ್ನು ನನಗೆ ಹೇಳಿದ್ದು ಪಕ್ಕದ ಮನೆಯವರು. ನಾನು ಕೆಲಸದಿಂದ ಬಂದಾಗ ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ನಾಯಿಯ ಪಕ್ಕ ಕೂತಿದ್ದರು. ನಾಯಿಯ ಕಾಲುಚೀಲ ಕಳಚಿ, ಕಟ್ಟಿದ ಬಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಏನೋ ಹೇಳುತ್ತಿದ್ದರು. ಹತ್ತಿರ ಹೋದೆ.

‘ತಪ್ಪಾತು ಮಗಾ’ ಎನ್ನುತ್ತಿದ್ದರು ನಾಯಿಗೆ. ‘ಮುದುಕಿಗೆ ಬುದ್ಧಿ ಇಲ್ಲ, ತಪ್ಪಾತು.’

ಚೀಲ ಕೆಳಗಿಟ್ಟು ಅವರ ಪಕ್ಕ, ಒಂದು ಮೆಟ್ಟಿಲು ಕೆಳಗೆ ಕೂತೆ. ಅತ್ತೆ, ದಾರ ಕಟ್ಟಿದ್ದು ನೀವಲ್ಲ, ನಾನು, ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಆ ಮಧ್ಯಾಹ್ನದ್ದು, ದೇವಮ್ಮನ ಉಂಡೆಯದ್ದು, ಬಾಗಿಲು ಹಾಕಿದ್ದು, ಡಾಕ್ಟರ ಎದುರು ಆಡಿದ ಮಾತು, ಮನೆಮನೆಯಲ್ಲಿ ಹೇಳಿದ್ದು, ಎಲ್ಲ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ನಾಯಿಯ ಬಾಲವನ್ನೇ ನೋಡುತ್ತಿದ್ದೆ.

ಅವರು ನಾಯಿಯ ಕಾಲಿಗೆ ಕಾಲುಚೀಲ ಮತ್ತೆ ಹಾಕಿದರು.

‘ನೀ ಕಟ್ಟಿದ್ಯಾ?’ ಎಂದರು. ‘ಎಂತಕೆ ಕಟ್ಟಿದೆ?’

‘ಸಾಯ್ತದೆ ಹೇಳಿ ಹೆದ್ರಿಕೆ ಆಗಿತ್ತು.’

‘ಮತ್ತೆ ನಂಗೆಂತಕೆ ಹೇಳ್ಲಿಲ್ಲ?’

ಅವರು ಎದ್ದು ಒಳಗೆ ಹೋದರು. ನಾನು ಅಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿಂದ ಕರೆದು, ಮೀನು ಎಂತ ಉಂಟು ಎಂದು ಕೇಳಿದರು. ತಾರಲೆ ಇತ್ತು. ಹುರಿದು ಹಾಕಿದೆ. ನಾಲ್ಕು ತಿಂದರು. ಕಟ್ಟಿದವಳು ನೀನಾದ ಮೇಲೆ ದೇವರ ಹತ್ತಿರ ನನ್ನ ಲೆಕ್ಕ ಇಲ್ಲ ಎಂದರು.

ಇವರು ಮತ್ತು ಪ್ರತಿಮಾ ಊಟಕ್ಕೆ ಕೂತಾಗ ಅವರಿಗೂ ಹೇಳಿದೆ. ಇವರು ಕೈ ತೊಳೆದು ತಾಯಿಯ ಹತ್ತಿರ ಹೋಗಿ ಕೂತರು. ನನಗೆ ಬಯ್ಯಲಿಲ್ಲ. ಮೊದಲು ಆಯಿಯ ಹೆಸರು ಹೇಳಿದವನು ನಾನೇ ಅಲ್ಲವಾ ಎಂದು ಮರುದಿನ ತಾವಾಗಿಯೇ ಅಂದರು. ಪ್ರತಿಮಾ ಚಾಪೆ ಎತ್ತಿಕೊಂಡು ಅಜ್ಜಿಯ ಹತ್ತಿರ ಹೋದಳು. ನನ್ನ ಜೊತೆ ಅವಳು ಮೊದಲಿನ ಹಾಗೆ ಮಾತಾಡಲು ಒಂದು ತಿಂಗಳು ಬೇಕಾಯಿತು. ಅದು ಕಡಿಮೆಯೇ.

ಹೇಳಿದ್ದಾಯಿತು, ಇನ್ನು ಮುಗಿಯಿತು ಎಂದುಕೊಂಡೆ. ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಅತ್ತೆ ಮೀನನ್ನು ತಟ್ಟೆಯ ಅಂಚಿಗೆ ಸರಿಸಿದರು. ಯಾಕೆ ಎಂದರೆ, ‘ನಾಯಿ ಕಾಲಿಗೆ ದಾರ ಕಟ್ಟಿದ್ದೆ ಅಲ್ದಾ. ಗುಣ ಆಗೂವರೆಗೆ ತಿನ್ನೂದಿಲ್ಲ ಹೇಳಿ ಹರಕೆ ಅದೆ’ ಎಂದರು.

ನಾನು ಹೇಳಿದ್ದನ್ನು ಅವರು ಮರೆತಿದ್ದರು. ತಾವೇ ಕಟ್ಟಿದ್ದು ಎನ್ನುವುದು ಮಾತ್ರ ಮರೆತಿರಲಿಲ್ಲ. ನಾವೆಲ್ಲ ಸೇರಿ ಅವರ ಅಂಗೈಗೆ ದಾರದ ತುಂಡು ಹಾಕಿ ನಂಬಿಸಿದ್ದು ಒಳಗೆ ಇಳಿದು ಕೂತುಬಿಟ್ಟಿತ್ತು. ಅದರ ಮೇಲೆ ನನ್ನ ಮಾತು ನಿಲ್ಲುತ್ತಿರಲಿಲ್ಲ.

ಮತ್ತೆ ಹೇಳಿದೆ. ಅವರು ಮೊದಲ ಸಲ ಕೇಳಿದವರ ಹಾಗೆಯೇ ಬೆಚ್ಚಿದರು. ‘ನೀ ಕಟ್ಟಿದ್ಯಾ?’ ಎಂದೇ ಕೇಳಿದರು. ಮತ್ತೆ ಎರಡು ದಿನಕ್ಕೆ ಮರೆತರು. ಮತ್ತೆ ಹೇಳಿದೆ.

ಅಷ್ಟರಲ್ಲಿ ಗಾಯ ಒಣಗಿತು. ಒಂದು ಬೆಳಿಗ್ಗೆ ಜಾಮೂನು ಕಾಗೆ ಓಡಿಸುವ ಭರದಲ್ಲಿ ಮರೆತು ನಾಲ್ಕೂ ಕಾಲು ಊರಿ ಓಡಿತು. ಪ್ರತಿಮಾ ಕೂಗಿ ಎಲ್ಲರನ್ನೂ ಕರೆದಳು. ಅತ್ತೆಯನ್ನು ಕೈ ಹಿಡಿದು ಕರೆತಂದು ತೋರಿಸಿದೆವು. ಇವರು ತಾಯಿಯನ್ನು ಧಾರೇಶ್ವರಕ್ಕೆ ಕರೆದುಕೊಂಡು ಹೋಗಿ ಹಣ್ಣುಕಾಯಿ ಮಾಡಿಸಿ ಬಂದರು. ನಾಯಿಯ ಮಟ್ಟಿಗೆ ಕಾಯಿಲೆ ಅಲ್ಲಿಗೆ ಮುಗಿಯಿತು. ಗಾಯ ಇದ್ದಲ್ಲಿ ಕೂದಲು ಬರಲಿಲ್ಲ, ಸಪೂರ ಬಿಳಿ ಗೆರೆ ಉಳಿಯಿತು. ಆ ಗೆರೆ ಕಂಡಾಗೆಲ್ಲ ಅತ್ತೆಗೆ ನೆನಪಾಗುತ್ತಿತ್ತು, ಕಂಡಾಗೆಲ್ಲ ತಟ್ಟೆಯ ಮೀನು ಅಂಚಿಗೆ ಹೋಗುತ್ತಿತ್ತು, ನಾನು ಹೇಳಬೇಕಾಗುತ್ತಿತ್ತು. ಇವರು ಒಮ್ಮೆ, ಯಾಕೆ ದಿನಾ ಅದನ್ನೇ ಹೇಳುತ್ತೀ, ಮೀನು ತಿನ್ನಲು ಬೇರೆ ಏನಾದರೂ ನೆವ ಹೇಳು ಎಂದರು. ಬೇರೆ ನೆವ ಹೇಳಲು ಮನಸ್ಸು ಬರಲಿಲ್ಲ.

ಕಥೆ ಹೇಳಿದ ಮನೆಗಳಿಗೂ ಒಂದೊಂದಾಗಿ ಹೋದೆ. ನೆನಪಿದ್ದಷ್ಟು ಮನೆಗೆ. ಕಟ್ಟಿದ್ದು ಅತ್ತೆಯಲ್ಲ ನಾನು ಎಂದು ಹೇಳಿದರೆ ಕೆಲವರು ನಂಬಲಿಲ್ಲ, ಅತ್ತೆಯ ಮರ್ಯಾದೆ ಉಳಿಸಲು ಹೇಳುತ್ತಿದ್ದೀರಿ ಎಂದರು. ಒಂದಿಬ್ಬರು ನಕ್ಕರು. ದೇವಮ್ಮನ ಮನೆಗೆ ಕೊನೆಗೆ ಹೋದೆ. ಅವರ ಮೊಮ್ಮಗ ಆಗಲೇ ಕೂರುತ್ತಿದ್ದ. ಉಂಡೆ ನಿಮ್ಮದೇ, ಒಲೆಗೆ ಹಾಕಿಬಿಟ್ಟೆ ಎಂದೆ. ಅವರು ಒಳಗೆ ಹೋಗಿ ಚಾ ಮಾಡಿ ತಂದರು. ಅಷ್ಟು ವರ್ಷದಲ್ಲಿ ಆ ಮನೆಯಲ್ಲಿ ನನಗೆ ಚಾ ಕೊಟ್ಟದ್ದು ಅದೇ ಮೊದಲು. ಕೂಸಿನ ಕೈ ಅವತ್ತು ಕೆಂಪಾಗಿದ್ದದ್ದು ತನಗೂ ಕಂಡಿತ್ತು, ಬಿಚ್ಚಲು ಧೈರ್ಯ ಬರಲಿಲ್ಲ ಎಂದರು. ಆಮೇಲಿಂದ ನಾನು ಯಾರ ಕೈಯ ದಾರವನ್ನೂ ನಾನಾಗಿ ಕತ್ತರಿಸಿಲ್ಲ. ಪಕ್ಕ ಕೂತು, ಅವರೇ ಸಡಿಲ ಮಾಡುವವರೆಗೆ ಕಾಯುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅತ್ತೆಯ ಮರೆವು ಬೆಳೆಯಿತು. ಅವರನ್ನು ಹೊನ್ನಾವರದಲ್ಲೊಬ್ಬ ಡಾಕ್ಟರಿಗೂ ತೋರಿಸಿದೆವು. ಅವರು ಅದಕ್ಕೊಂದು ಹೆಸರು ಹೇಳಿದರು, ಮದ್ದಿಲ್ಲ ಎಂದೂ ಹೇಳಿದರು. ಮೊದಲು ದಿನ ಹೋಯಿತು, ಆಮೇಲೆ ಮನುಷ್ಯರು ಹೋದರು. ಮಗನನ್ನು ತಮ್ಮ ಅಣ್ಣ ಎಂದು ಕರೆದರು. ಜಾಮೂನನ್ನು ಯಾವುದೋ ಹಳೆಯ ದನದ ಹೆಸರಿನಿಂದ ಕರೆಯುತ್ತಿದ್ದರು, ಅದು ಬಾಲ ಅಲ್ಲಾಡಿಸಿಕೊಂಡು ಹೋಗುತ್ತಿತ್ತು. ಮೀನು ಸರಿಸುವುದೂ ನಿಂತಿತು. ನಾನು ಹೇಳುವುದೂ ನಿಂತಿತು. ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಒಂದು ಸಲ ಬೈದಿದ್ದರು, ಒಂದು ಸಲ ಅತ್ತಿದ್ದರು, ಒಂದು ಸಲ ‘ನರ್ಸಬಾಯಿ ದಾರ ಕಟ್ಟೂದಾ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಯಾವುದೂ ಅವರಲ್ಲಿ ಉಳಿದಿರಲಿಲ್ಲ ಎಂದೇ ನಾನು ತಿಳಿದಿದ್ದೆ.

ಕೊನೆಯ ವರ್ಷ ನಾನು ಅವರಿಗೆ ಸೊಸೆಯಾಗಿರಲಿಲ್ಲ. ಕೆಲಸದ ಬಿಳಿ ಸೀರೆಯಲ್ಲಿ ಕಂಡರೆ ಮಾತ್ರ ಯಾರೆಂದು ಗೊತ್ತಾಗುತ್ತಿತ್ತು. ಎಲ್ಲಿಂದಲೋ ತಮ್ಮನ್ನು ನೋಡಲು ಬಂದ ನರ್ಸಬಾಯಿ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವರ ಬೆನ್ನು ಒರೆಸಿ, ಕುಪ್ಪಸ ಹಾಕಿ, ದಿಂಬಿಗೆ ಒರಗಿಸಿ ಕೂರಿಸಿದೆ. ಜಾಮೂನು ಹೊಸ್ತಿಲ ಮೇಲೆ ಮಲಗಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು. ಯಾರೂ ಕೇಳಬಾರದು ಎನ್ನುವ ಹಾಗೆ ಸಣ್ಣ ದನಿಯಲ್ಲಿ ಹೇಳಿದರು:

‘ಬಾಯೀ, ಈ ನಾಯಿ ಕಾಲಿಗೆ ದಾರ ಕಟ್ಟಿದ್ದು ನಮ್ಮ ಸೊಸೆ. ಪಾಪ, ಹೆದ್ರಿಕೆಗೆ ಕಟ್ಟಿದ್ದು. ಯಾರಾದ್ರೂ ಕೇಳಿದ್ರೆ ಕಟ್ಟಿದ್ದು ನಾನೇ ಹೇಳಿ ಹೇಳ್ಬಿಡಿ, ಆತಾ? ಅವ್ಳಿಗೆ ಬಯ್ಯೂದು ಬೇಡ.’

ಆತು ಎಂದೆ. ನಾನು ಅವರ ಕೈ ಬಿಡಲಿಲ್ಲ. ಅವತ್ತು ಮೊದಲ ಮನೆಗೆ ತಲುಪುವಾಗ ಹನ್ನೊಂದು ಗಂಟೆ ದಾಟಿತ್ತು.